ಪ್ರಶ್ನೆ ಕೇಳಿದ್ರೆ ಶ್ರದ್ಧೆ ಹೋಗುತ್ತಾ? (ಯೂಥಿಫ್ರೋ ಓದಿ ತಲೆಕೆಟ್ಟಿದೆ)

ಅರ್ಧಓದು
ಎಲ್ಲರಿಗೂ ನಮಸ್ಕಾರ, ಪೋಸ್ಟ್ ಸ್ವಲ್ಪ ಉದ್ದ ಇದೆ ಬೈಕೋಬೇಡಿ. ಎರಡು ವಾರದಿಂದ ಪ್ಲೇಟೋ ಓದ್ತಾ ಇದೀನಿ, ಮೊದ್ಲು ಕೈಗೆ ಸಿಕ್ಕಿದ್ದು ಯೂಥಿಫ್ರೋ ಅನ್ನೋ ಪುಟ್ಟ ಸಂವಾದ. ಸಾಕ್ರಟೀಸ್ ಮೇಲೆ ದೈವನಿಂದೆ ಕೇಸು ಬಿದ್ದಿದೆ, ಅದರ ಸಲುವಾಗಿ ನ್ಯಾಯಾಧಿಕಾರಿ ಕೂರೋ ಜಾಗಕ್ಕೆ ಬಂದಿದಾನೆ, ಅಲ್ಲಿ ಯೂಥಿಫ್ರೋ ಸಿಗ್ತಾನೆ. ಇವನು ಬಂದಿರೋದು ಸ್ವಂತ ಅಪ್ಪನ ಮೇಲೆ ಕೊಲೆ ಕೇಸು ಹಾಕೋಕೆ! ನಾಕ್ಸೋಸ್ ದ್ವೀಪದಲ್ಲಿ ಇವರ ಜಮೀನು ಇತ್ತಂತೆ, ಅಲ್ಲಿ ಕೂಲಿಯವನೊಬ್ಬ ಕುಡಿದ ಮತ್ತಲ್ಲಿ ಇವರ ಮನೆ ಗುಲಾಮನ್ನ ಕೊಂದುಬಿಟ್ಟ, ಅಪ್ಪ ಆ ಕೂಲಿಯವನ ಕೈಕಾಲು ಕಟ್ಟಿ ಗುಂಡಿಗೆ ತಳ್ಳಿ, ಮುಂದೇನು ಮಾಡೋದು ಧರ್ಮ ಏನು ಹೇಳುತ್ತೆ ಅಂತ ತಿಳಿದೋರನ್ನ ಕೇಳೋಕೆ ಅಥೆನ್ಸ್‌ಗೆ ಒಬ್ಬನ್ನ ಕಳಿಸ್ದ, ಅವನು ವಾಪಸ್ ಬರೋದ್ರೊಳಗೆ ಗುಂಡಿಯಲ್ಲಿದ್ದೋನು ಹಸಿವು ಚಳಿಗೆ ಸತ್ತೇಹೋದ.

ಯೂಥಿಫ್ರೋಗೆ ತಾನು ಮಾಡ್ತಿರೋದು ಪುಣ್ಯದ ಕೆಲಸ ಅನ್ನೋದ್ರಲ್ಲಿ ಎಳ್ಳಷ್ಟೂ ಅನುಮಾನ ಇಲ್ಲ. ಸಾಕ್ರಟೀಸ್ ಸುಮ್ನೆ ಇರ್ತಾನಾ, ಹಾಗಾದ್ರೆ ಪುಣ್ಯ ಅಂದ್ರೇನು ಹೇಳಪ್ಪ ಅಂತ ಶುರು ಮಾಡ್ತಾನೆ. ದೇವತೆಗಳಿಗೆ ಇಷ್ಟ ಆಗೋದೇ ಪುಣ್ಯ ಅಂತಾನೆ ಇವನು. ಆಗ ಬರುತ್ತೆ ನೋಡಿ ಆ ಪ್ರಶ್ನೆ: ದೇವತೆಗಳು ಇಷ್ಟಪಡ್ತಾರೆ ಅಂತ ಅದು ಪುಣ್ಯನಾ, ಇಲ್ಲಾ ಅದು ಪುಣ್ಯ ಆಗಿರೋದ್ರಿಂದ ದೇವತೆಗಳು ಇಷ್ಟಪಡ್ತಾರಾ? ಮೊದಲನೇದು ಅಂದ್ರೆ ನಾಳೆ ಅವರಿಗೆ ಇನ್ನೊಂದು ಇಷ್ಟ ಆದ್ರೆ ಅದೇ ಪುಣ್ಯ ಆಗ್ಬಿಡುತ್ತೆ. ಎರಡನೇದು ಅಂದ್ರೆ ದೇವತೆಗಳಿಗಿಂತ ಮೇಲೆ ಇನ್ನೇನೋ ಇದೆ ಅಂತಾಯ್ತು. ಯೂಥಿಫ್ರೋ ಸುತ್ತಿ ಬಳಸಿ ಹೊರಟ ಜಾಗಕ್ಕೇ ಬಂದು ಕೊನೆಗೆ ನಂಗೆ ಅರ್ಜೆಂಟ್ ಇದೆ ಅಂತ ಜಾಗ ಖಾಲಿ ಮಾಡ್ತಾನೆ.

ನಾನು ದೇವರನ್ನ ನಂಬೋನೇ. ದಿನಾ ಕೈಮುಗಿಯೋದು ಬಿಟ್ಟಿಲ್ಲ. ಆದ್ರೆ ಇದನ್ನ ಓದಿದ ಮೇಲೆ ಕೈಮುಗಿವಾಗ್ಲೂ ಆ ಪ್ರಶ್ನೆ ತಲೇಲಿ ಗುಂಯ್ ಅಂತಿದೆ. ಪ್ರಶ್ನೆ ಮಾಡ್ತಾ ಮಾಡ್ತಾ ಶ್ರದ್ಧೆ ಉಳಿಸ್ಕೊಂಡ ಹಳೇ ಕಾಲದೋರು ಯಾರಾದ್ರೂ ಇದಾರಾ, ಅಥವಾ ಒಂದು ಬಂದ್ರೆ ಇನ್ನೊಂದು ಹೋಗಲೇಬೇಕಾ? ತಮಾಷೆಗೆ ಕೇಳ್ತಿಲ್ಲ.

ತರ್ಕತಿಮ್ಮ
ಹೋಗಲೇಬೇಕು ಗುರೂ, ನಿಮಗೆ ಹೋಗೋಕೆ ಶುರುವಾಗಿದೆ, ಅಷ್ಟೇ ವಿಷಯ. ಇತಿಹಾಸ ತೆಗೆದು ನೋಡಿ. ಗ್ರೀಕ್ ಚಿಂತಕ ಅನಾಕ್ಸಾಗೊರಸ್ ಸೂರ್ಯ ದೇವರಲ್ಲ ಕಣ್ರಯ್ಯಾ ಕೆಂಡದಂತ ಕಲ್ಲು, ಗ್ರೀಸಿನ ದಕ್ಷಿಣ ಭಾಗ ಪೆಲೊಪೊನೀಸ್‌ಗಿಂತ ದೊಡ್ಡದು ಅಂದ, ಅಥೆನ್ಸ್ ಬಿಟ್ಟು ಲ್ಯಾಂಪ್ಸಕಸ್‌ಗೆ ಓಡಬೇಕಾಯ್ತು. ಪ್ರೊಟಾಗೊರಸ್ ಅನ್ನೋ ಇನ್ನೊಬ್ಬ ಚಿಂತಕ ದೇವತೆಗಳು ಇದಾರೋ ಇಲ್ವೋ ತಿಳಿಯೋಕೆ ನಂಗಾಗಲ್ಲ, ವಿಷಯ ಮಬ್ಬು, ಮನುಷ್ಯನ ಆಯಸ್ಸು ಗಿಡ್ಡ ಅಂತ ಎಷ್ಟು ವಿನಯವಾಗಿ ಬರೆದ, ಅವನ ಪುಸ್ತಕಾನೇ ಸುಟ್ಟರು ಅಂತ ಆಮೇಲಿನವರು ಬರೆದಿಟ್ಟಿದಾರೆ. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್‌ಗೆ ವಿಷ. ಇನ್ನೇನು ಸಾಕ್ಷಿ ಬೇಕು? ಪ್ರಶ್ನೆ ಬಂದಾಗೆಲ್ಲ ನಂಬಿಕೆ ಮಾಡಿರೋದು ಒಂದೇ ಕೆಲಸ, ಬಾಯಿ ಮುಚ್ಚಿಸೋದು.

ಸುಮ್ನೆಓದೋನು
ಪಾಪ್‌ಕಾರ್ನ್ ತಗೊಂಡು ಕೂತಿದೀನಿ 🍿

ಹಳೇಪಂಚೆ
ತಿಮ್ಮ ಅವ್ರೇ, ನಿಮ್ಮ ಪಟ್ಟಿ ಸರಿ, ಅದರಿಂದ ತೆಗೆದ ತೀರ್ಮಾನ ನಂಗೆ ಒಪ್ಪಿಗೆ ಇಲ್ಲ. ಸಾಕ್ರಟೀಸ್ ನಾಸ್ತಿಕ ಅಂತ ಯಾರು ಹೇಳಿದ್ದು? ಮೆಲೆಟಸ್ ಹೇಳಿದ್ದು. ಅಂದ್ರೆ ಆರೋಪ ಹೊರಿಸಿದೋನು! ವಿಚಾರಣೆಲಿ ಇವನು ಸೂರ್ಯ ಕಲ್ಲು ಚಂದ್ರ ಮಣ್ಣು ಅಂತಾನೆ ಅಂತ ಮೆಲೆಟಸ್ ಅಂದಾಗ ಸಾಕ್ರಟೀಸ್ ನಗಾಡ್ತಾನೆ, ಅಯ್ಯಾ ಅದು ಅನಾಕ್ಸಾಗೊರಸ್ ಮಾತು, ಒಂದು ಡ್ರಾಕ್ಮಾ ಕೊಟ್ರೆ ಅವನ ಪುಸ್ತಕ ಸಿಗುತ್ತೆ, ಹುಡುಗರು ಅದನ್ನ ನನ್ನ ಹತ್ರ ಬಂದು ಕಲೀಬೇಕಾ ಅಂತ. ಅವನು ಊರೆಲ್ಲ ತಿರುಗಿ ಪ್ರಶ್ನೆ ಕೇಳೋಕೆ ಶುರು ಮಾಡಿದ್ದೇ ಡೆಲ್ಫಿ ದೇಗುಲದ ದೈವವಾಣಿಯಿಂದ. ಗೆಳೆಯ ಕೈರೆಫಾನ್ ಅಲ್ಲಿಗೆ ಹೋಗಿ ಸಾಕ್ರಟೀಸ್‌ಗಿಂತ ಜಾಣ ಇದಾನಾ ಅಂತ ಕೇಳಿದ್ದ, ಇಲ್ಲ ಅಂತ ಉತ್ತರ ಬಂತು, ಇವನಿಗೆ ಗಾಬರಿ ಆಯ್ತು, ನಂಗೆ ಏನೂ ಗೊತ್ತಿಲ್ಲ ಆದ್ರೆ ದೇವರು ಸುಳ್ಳಾಡಲ್ಲ, ಹಾಗಾದ್ರೆ ಆ ಮಾತಿನ ಅರ್ಥ ಏನಿರಬಹುದು ಅಂತ ಪರೀಕ್ಷೆ ಮಾಡೋಕೆ ಹೊರಟ. ಗಮನಿಸಿ, ದೇವರ ಮಾತನ್ನ ತಳ್ಳಿಹಾಕ್ಲಿಲ್ಲ, ಸುಮ್ನೆ ತಲೆನೂ ಆಡಿಸ್ಲಿಲ್ಲ. ಸಾಯೋವಾಗ ಆಡಿದ ಕೊನೆ ಮಾತು ಕೂಡ ಕ್ರಿಟೋ, ಅಸ್ಕ್ಲೀಪಿಯಸ್ ದೇವರಿಗೆ ಒಂದು ಹುಂಜ ಕೊಡೋದಿದೆ ಮರೀಬೇಡ ಅಂತ. ಹರಕೆ ಬಾಕಿ ಉಳಿಸ್ಕೊಂಡು ಹೋಗಬಾರದು ಅನ್ನೋ ಮನುಷ್ಯ ಅವನು.

ಇನ್ನೊಂದು, ಆ ಕೇಸಲ್ಲಿ ಧರ್ಮ ಎಷ್ಟು ರಾಜಕೀಯ ಎಷ್ಟು ಅನ್ನೋದೂ ಇದೆ. ಕ್ರಿ.ಪೂ. 404ರಲ್ಲಿ ಅಥೆನ್ಸ್ ಯುದ್ಧ ಸೋತು ಮೂವತ್ತು ಜನ ಸರ್ವಾಧಿಕಾರಿಗಳ ಆಡಳಿತ ಬಂತು, ಅವರ ಮುಖಂಡ ಕ್ರಿಟಿಯಸ್ ಸಾಕ್ರಟೀಸ್ ಜೊತೆ ಓಡಾಡಿಕೊಂಡಿದ್ದೋನು. ಪ್ರಜಾಪ್ರಭುತ್ವ ವಾಪಸ್ ಬಂದ ಮೇಲೆ ಹಳೇದನ್ನ ಕೆದಕಬಾರದು ಅಂತ ಕ್ಷಮಾದಾನದ ಒಪ್ಪಂದ ಆಗಿತ್ತು, ಆ ಸಿಟ್ಟಿನ ಮೇಲೆ ನೇರವಾಗಿ ಕೇಸು ಹಾಕೋ ಹಾಗಿರಲಿಲ್ಲ. ದೈವನಿಂದೆಗೆ ಆ ಅಡ್ಡಿ ಇರಲಿಲ್ಲ. ಸುಮಾರು 500 ಜನ ತೀರ್ಪುಗಾರರಲ್ಲಿ ಬರೀ 30 ವೋಟು ಆ ಕಡೆ ಹೋಗಿದ್ರೆ ಬಿಡುಗಡೆ ಆಗ್ತಿದ್ದೆ ಅಂತ ಸಾಕ್ರಟೀಸೇ ಹೇಳ್ತಾನೆ. ನಂಬಿಕೆ ಒಟ್ಟಾಗಿ ಎದ್ದು ಬಂದು ಪ್ರಶ್ನೆ ಕತ್ತು ಹಿಸುಕಿತು ಅನ್ನೋಕೆ ಈ ಲೆಕ್ಕ ಹೊಂದಲ್ಲ.

ಅರ್ಧಓದು ಅವ್ರಿಗೆ ನನ್ನ ಉತ್ತರ ಒಂದೇ ಹೆಸರು, ನಚಿಕೇತ. ಅಪ್ಪ ಮುದಿ ಹಸುಗಳನ್ನ ದಾನ ಕೊಡ್ತಾ ಇದಾನೆ, ನೀರು ಕುಡಿದು ಮುಗಿದಿದೆ, ಹುಲ್ಲು ಮೇಯ್ದು ಮುಗಿದಿದೆ, ಹಾಲು ಕರೆದು ಮುಗಿದಿದೆ ಅಂಥ ಹಸುಗಳು. ಹುಡುಗ ನೋಡ್ತಾ ನಿಂತಿದಾನೆ. ಆಗ ಕಠೋಪನಿಷತ್ತು ಏನು ಹೇಳುತ್ತೆ? ಅವನೊಳಗೆ ಶ್ರದ್ಧೆ ಹೊಕ್ಕಿತು ಅನ್ನುತ್ತೆ. ಸಂಶಯ ಹೊಕ್ಕಿತು ಅನ್ನಲ್ಲ! ಶ್ರದ್ಧೆ ಹೊಕ್ಕ ಮೇಲೇನೇ ಅವನು ಬಾಯಿ ತೆಗೆದು, ಅಪ್ಪಾ ನನ್ನನ್ನ ಯಾರಿಗೆ ಕೊಡ್ತೀಯ ಅಂತ ಕೇಳೋದು, ಒಂದ್ಸಲ ಅಲ್ಲ ಮೂರು ಸಲ. ಯಜ್ಞಾನ ಅಪ್ಪನಿಗಿಂತ ಗಂಭೀರವಾಗಿ ತಗೊಂಡಿದ್ದಕ್ಕೇ ಆ ಪ್ರಶ್ನೆ ಬಂದಿದ್ದು. ನಾವು ಶ್ರದ್ಧೆ, ನಂಬಿಕೆ, ಭಕ್ತಿ ಎಲ್ಲಾನೂ ಒಂದೇ ಚೀಲಕ್ಕೆ ತುಂಬಿ ಆಮೇಲೆ ಪ್ರಶ್ನೆಗೂ ಅದಕ್ಕೂ ಜಗಳ ಅಂತ ಕೂತಿದೀವಿ.

ದೀಪದಕುಡಿ
ಹಳೇಪಂಚೆ ಸರ್ ತುಂಬಾ ಚೆನ್ನಾಗಿ ಹೇಳಿದ್ರಿ 🙏 ಆದ್ರೂ ಒಂದು ಮಾತು. ಅದೇ ಕಠೋಪನಿಷತ್ತಲ್ಲೇ ಈ ತಿಳಿವು ತರ್ಕದಿಂದ ಸಿಗುವಂಥದ್ದಲ್ಲ ಅಂತ ನಚಿಕೇತನಿಗೆ ಯಮ ಹೇಳ್ತಾನಲ್ವಾ. ಗೀತೇಲಿ ಸಂಶಯಾತ್ಮಾ ವಿನಶ್ಯತಿ, ಸಂಶಯ ಪಡೋನು ಹಾಳಾಗ್ತಾನೆ ಅಂತ ನೇರವಾಗೇ ಇದೆ. ನಂಗೆ ಇಷ್ಟ ಆಗೋ ವಾದ ವೇದಾಂತದ ಮೂಲಗ್ರಂಥ ಬ್ರಹ್ಮಸೂತ್ರದ್ದು, ತರ್ಕಕ್ಕೆ ನೆಲೆ ಇಲ್ಲ ಅನ್ನೋದು. ಒಬ್ಬ ಜಾಣ ಕಷ್ಟಪಟ್ಟು ಕಟ್ಟಿದ್ದನ್ನ ಅವನಿಗಿಂತ ಜಾಣ ಬಂದು ಬೀಳಿಸ್ತಾನೆ, ಅವನದ್ದನ್ನ ಮತ್ತೊಬ್ಬ, ಇದಕ್ಕೆ ಕೊನೆ ಎಲ್ಲಿ? ಜೀವನ ಪೂರ್ತಿ ಕಾಯೋಕಾಗುತ್ತಾ? ಸಾವು ನೋವು ಬಂದಾಗ ಕೈಹಿಡಿಯೋಕೆ ಒಂದು ಗೋಡೆ ಬೇಕು. ಎಲ್ಲಾ ಇಟ್ಟಿಗೆನೂ ಕಿತ್ತು ಕಿತ್ತು ನೋಡ್ತೀನಿ ಅಂದ್ರೆ ಗೋಡೆ ಉಳಿಯಲ್ಲ.

ತರ್ಕತಿಮ್ಮ
ಟೊಳ್ಳು ಗೋಡೆನ ಹಿಡ್ಕೊಂಡ್ರೆ ಮೈಮೇಲೇ ಬೀಳುತ್ತೆ ಮೇಡಂ.

ಹಳೇಪಂಚೆ
ದೀಪದಕುಡಿ ಅಮ್ಮ, ಸಂಶಯಾತ್ಮಾ ವಿನಶ್ಯತಿ ನಾಲ್ಕನೇ ಅಧ್ಯಾಯದ 40ನೇ ಶ್ಲೋಕ. ಅದಕ್ಕೆ ಆರೇ ಶ್ಲೋಕ ಹಿಂದೆ, 34ರಲ್ಲಿ, ಜ್ಞಾನ ಬೇಕಾದ್ರೆ ನಮಸ್ಕಾರ ಮಾಡಿ, ಸೇವೆ ಮಾಡಿ, ಮತ್ತೆ ಪರಿಪ್ರಶ್ನೆ ಮಾಡಿ ತಿಳ್ಕೋ ಅಂತ ಇದೆ. ಕೊನೇಲಂತೂ 18ನೇ ಅಧ್ಯಾಯದಲ್ಲಿ ಇಷ್ಟೆಲ್ಲ ಹೇಳಿದ ಮೇಲೆ, ಪೂರ್ತಿ ವಿಮರ್ಶೆ ಮಾಡಿ ನಿಂಗೆ ಹೇಗೆ ಬೇಕೋ ಹಾಗೆ ಮಾಡು ಅಂತ ಅರ್ಜುನನಿಗೇ ಬಿಟ್ಟುಬಿಡ್ತಾನೆ. ತರ್ಕಕ್ಕೆ ನೆಲೆ ಇಲ್ಲ ಅನ್ನೋ ಸೂತ್ರಕ್ಕೆ ಭಾಷ್ಯ ಬರೆದ ಶಂಕರರೇ ಇನ್ನೊಂದು ಕಡೆ, ಗೀತಾಭಾಷ್ಯದಲ್ಲಿ, ಬೆಂಕಿ ತಣ್ಣಗಿದೆ ಬೆಳಕಿಲ್ಲ ಅಂತ ನೂರು ಶ್ರುತಿ (ವೇದವಾಕ್ಯ) ಬಂದು ಹೇಳಿದ್ರೂ ಅದು ಪ್ರಮಾಣ (ನಂಬಬಹುದಾದ ಆಧಾರ) ಆಗಲ್ಲ ಅಂತ ಬರೀತಾರೆ. ಕಣ್ಣಿಗೆ ಕಾಣೋ ವಿಷಯದಲ್ಲಿ ಕಣ್ಣಿನ ಮಾತೇ ನಡೆಯುತ್ತೆ, ಕಾಣದ ವಿಷಯದಲ್ಲಿ ಶ್ರುತಿ. ಇಬ್ಬರಿಗೂ ಬೇರೆ ಬೇರೆ ಹೊಲ ಹಂಚಿಕೊಟ್ಟ ಹಾಗೆ.

ಮಳೆಬಿಲ್ಲು77
ಹೊಲ ಹಂಚಿದ್ದು ಯಾರು ಸರ್? ಬೇಲಿ ಹಾಕಿದ್ದು ಯಾರು? 😀

ನಾನು ಒಂದು ಕತೆ ಹೇಳ್ತೀನಿ, ನಿಮಗೆಲ್ಲ ಗೊತ್ತಿರೋದೇ, ಬೃಹದಾರಣ್ಯಕ ಉಪನಿಷತ್ತಿನದು. ಜನಕನ ಸಭೇಲಿ ಸಾವಿರ ಹಸು ನಿಲ್ಲಿಸಿದಾರೆ, ಒಂದೊಂದರ ಕೊಂಬಿಗೂ ಬಂಗಾರ ಕಟ್ಟಿದಾರೆ, ಯಾರು ದೊಡ್ಡ ಬ್ರಹ್ಮಜ್ಞಾನಿನೋ ಅವರು ಹೊಡ್ಕೊಂಡು ಹೋಗಬಹುದು. ಯಾಜ್ಞವಲ್ಕ್ಯ ವಾದಕ್ಕೂ ಕಾಯದೆ ಶಿಷ್ಯನಿಗೆ ಹಸು ಹೊಡ್ಕೊಂಡು ಹೋಗು ಅಂತಾನೆ (ಆ ಕಾನ್ಫಿಡೆನ್ಸ್ ನೋಡಿ). ಗಾರ್ಗಿ ಕೇಳ್ತಾಳೆ: ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದೆ ಅಂದ್ರೆ ನೀರು ಯಾವುದರಲ್ಲಿ? ಗಾಳಿಯಲ್ಲಿ. ಗಾಳಿ ಯಾವುದರಲ್ಲಿ? ಹೀಗೇ ಲೋಕದ ಮೇಲೆ ಲೋಕ ಏರಿಸ್ತಾ ಬ್ರಹ್ಮಲೋಕದ ತನಕ ಬರ್ತಾಳೆ, ಬ್ರಹ್ಮಲೋಕ ಯಾವುದರಲ್ಲಿ ಅಂತಾಳೆ. ಆಗ ಯಾಜ್ಞವಲ್ಕ್ಯ, ಗಾರ್ಗಿ ಅತಿಯಾಗಿ ಕೇಳಬೇಡ, ನಿನ್ನ ತಲೆ ಬಿದ್ದೀತು ಅಂತಾನೆ. ಇದು ಉತ್ತರನಾ ಬೆದರಿಕೆನಾ? ಅವಳು ಸುಮ್ಮನಾದಳು.

ಆದ್ರೆ ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ಎರಡು ಬ್ರಾಹ್ಮಣ (ಉಪನಿಷತ್ತಿನ ವಿಭಾಗ) ಆದ್ಮೇಲೆ, ಅದೇ ಸಭೇಲಿ, ಅವಳು ಮತ್ತೆ ಎದ್ದು ನಿಲ್ತಾಳೆ. ಬಿಲ್ಲಿಗೆ ಹೆದೆ ಏರಿಸಿ ಎರಡು ಬಾಣ ಹಿಡಿದು ಬರೋ ವೀರನ ಹಾಗೆ ಎರಡು ಪ್ರಶ್ನೆ ತಂದಿದೀನಿ ಉತ್ತರ ಹೇಳು ಅಂತಾಳೆ. ಈ ಸಲ ಅವನು ತಲೆ ಬೀಳೋ ಮಾತು ಎತ್ತದೆ ಅಕ್ಷರ, ಅಂದ್ರೆ ನಾಶವಿಲ್ಲದ ತತ್ತ್ವದ ವಿಷಯ ಬಿಡಿಸಿ ಬಿಡಿಸಿ ಹೇಳ್ತಾನೆ, ಇಡೀ ಬೃಹದಾರಣ್ಯಕದಲ್ಲಿ ನಂಗೆ ತುಂಬಾ ಇಷ್ಟವಾದ ಭಾಗ ಅದು. ಅವಳು ಬೆದರಿಕೆಗೆ ಹೆದರಿ ಮನೆಗೆ ಹೋಗಿದ್ರೆ ಆ ಉತ್ತರಾನೇ ಹುಟ್ತಿರಲಿಲ್ಲ. ಅವಳಾದ್ಮೇಲೆ ಶಾಕಲ್ಯ ಅನ್ನೋ ಪಂಡಿತ ಕೇಳೋಕೆ ಬರ್ತಾನೆ, ಅವನ ತಲೆ ನಿಜವಾಗ್ಲೂ ಬೀಳುತ್ತೆ! ಕಳ್ಳರು ಅವನ ಮೂಳೆನೂ ಬೇರೇನೋ ಅಂದ್ಕೊಂಡು ಹೊತ್ಕೊಂಡು ಹೋದ್ರು ಅಂತ ಬರೆದಿದೆ. ನಮ್ಮ ಪರಂಪರೆ ಪ್ರಶ್ನೆಗೆ ಜಾಗ ಕೊಟ್ಟಿತ್ತು ಅನ್ನೋರು ಗಾರ್ಗಿ ಎರಡನೇ ಸಲ ಎದ್ದಿದ್ದನ್ನ ಹೇಳ್ತಾರೆ, ಕೊಡಲಿಲ್ಲ ಅನ್ನೋರು ಮೊದಲನೇ ಸಲ ಕೂರಿಸಿದ್ದನ್ನ ಹೇಳ್ತಾರೆ. ಎರಡೂ ಒಂದೇ ದಿನ ಒಂದೇ ಸಭೇಲಿ ಆಗಿದ್ದು ಸ್ವಾಮಿ.

ಸುಮ್ನೆಓದೋನು
ಮೂಳೆ ವಿಷಯ ಗೊತ್ತೇ ಇರಲಿಲ್ಲ 😳

ತರ್ಕತಿಮ್ಮ
ಮಳೆಬಿಲ್ಲು ಮೇಡಂ ನನ್ನ ಕೆಲಸ ಹಗುರ ಮಾಡಿದ್ರಿ. ಮನುಸ್ಮೃತಿ ಎರಡನೇ ಅಧ್ಯಾಯ, ಹೇತುಶಾಸ್ತ್ರ (ತರ್ಕ) ಹಿಡ್ಕೊಂಡು ಶ್ರುತಿ ಸ್ಮೃತಿನ ಕಡೆಗಣಿಸೋನನ್ನ ಸಜ್ಜನರು ಹೊರಗೆ ಹಾಕಬೇಕು, ವೇದನಿಂದಕನೇ ನಾಸ್ತಿಕ. ಗಮನಿಸಿ, ದೇವರನ್ನ ನಂಬದೋನು ಅಂತಲ್ಲ. ವೇದ ಪರಲೋಕ ಒಪ್ಪದ ಚಾರ್ವಾಕರ ಗತಿ ನೋಡಿ, ಅವರ ಮೂಲ ಸೂತ್ರಗ್ರಂಥ ಇಡಿಯಾಗಿ ನಮ್ಮ ಕೈಗೆ ಬರಲೇ ಇಲ್ಲ. ಅವರ ವಿಷಯ ನಮಗೆ ಗೊತ್ತಿರೋದೆಲ್ಲ ಹೆಚ್ಚುಕಮ್ಮಿ ಶತ್ರುಗಳ ಬಾಯಿಂದ, ಖಂಡಿಸೋಕೆ ಅಂತ ಪೂರ್ವಪಕ್ಷದಲ್ಲಿ (ಎದುರಾಳಿ ವಾದ ಅಂತ) ಇಟ್ಟ ನಾಲ್ಕು ಸಾಲು. 14ನೇ ಶತಮಾನದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹ ಶುರುವಾಗೋದೇ ಚಾರ್ವಾಕ ದರ್ಶನದಿಂದ, ಯಾಕೆ? ಮೊದಲ ಮೆಟ್ಟಿಲು ಮಾಡಿ ತುಳಿದು ಮೇಲೆ ಹೋಗೋಕೆ.

ಇನ್ನು ಮಹಾಭಾರತ. ಯುದ್ಧ ಮುಗಿಸಿ ಯುಧಿಷ್ಠಿರ ಊರೊಳಗೆ ಬರ್ತಾನೆ, ಬ್ರಾಹ್ಮಣರೆಲ್ಲ ಆಶೀರ್ವಾದ ಮಾಡ್ತಿದಾರೆ, ಒಬ್ಬ ಮಾತ್ರ ಎದ್ದು ನಿಂತು ಬಂಧುಗಳನ್ನ ಕೊಂದೋನೇ ನಿಂಗೆ ಧಿಕ್ಕಾರ ಅಂತಾನೆ. ಅವನ ಹೆಸರು ಏನು ಗೊತ್ತಾ? ಚಾರ್ವಾಕ! ರಾಕ್ಷಸ, ದುರ್ಯೋಧನನ ಗೆಳೆಯ, ವೇಷ ಹಾಕ್ಕೊಂಡು ಬಂದಿದಾನೆ ಅಂತ ಹೇಳಿ ಹುಂಕಾರದಿಂದಲೇ ಸುಟ್ಟುಹಾಕ್ತಾರೆ. ಅವನು ಕೇಳಿದ್ದು ಸುಳ್ಳಾ? ಸ್ವತಃ ಯುಧಿಷ್ಠಿರನೇ ಅದೇ ಕೊರಗಲ್ಲಿ ಒದ್ದಾಡ್ತಿದ್ದ.

ಹಳೇಪಂಚೆ
ಆ ಚಾರ್ವಾಕನೂ ದರ್ಶನದ ಚಾರ್ವಾಕನೂ ಒಬ್ಬನೇ ಅನ್ನೋಕೆ ಹೆಸರು ಬಿಟ್ರೆ ಬೇರೆ ಆಧಾರ ಇಲ್ಲ. ಆ ರಾಕ್ಷಸ ದರ್ಶನದವರ ಹಾಗೆ ಪ್ರತ್ಯಕ್ಷವೇ (ಕಣ್ಣಾರೆ ಕಂಡಿದ್ದೇ) ಪ್ರಮಾಣ ಅಂತೇನೂ ವಾದ ಮಾಡಲ್ಲ. ಆದ್ರೆ ಆ ಹೆಸರನ್ನೇ ಯಾಕಿಟ್ಟರು ಅನ್ನೋ ನಿಮ್ಮ ಗುಮಾನಿ ನಂಗೂ ಇದೆ, ಒಪ್ಕೋತೀನಿ. ಮನುಗೆ ಬಂದ್ರೆ 12ನೇ ಅಧ್ಯಾಯಾನೂ ಓದಿ, ತರ್ಕದಿಂದ ಅನುಸಂಧಾನ ಮಾಡೋನೇ ಧರ್ಮ ತಿಳಿದೋನು ಬೇರೆಯವನಲ್ಲ ಅಂತಿದೆ. ವೇದಕ್ಕೆ ವಿರೋಧ ಆಗದ ತರ್ಕ ಅನ್ನೋ ಷರತ್ತು ಜೊತೆಗಿದೆ ಅಂತ ನೀವು ಹೇಳೋಕೆ ಮೊದ್ಲು ನಾನೇ ಹೇಳಿಬಿಡ್ತೀನಿ.

ಕಾಗೆಗೂಡು
ಮಧ್ಯೆ ಬಾಯಿ ಹಾಕ್ತಿದೀನಿ. ಇಂಥ ಚರ್ಚೆಲಿ ಯಾರಾದ್ರೂ ಬುದ್ಧನ ಕಾಲಾಮ ಸುತ್ತ ಅನ್ನೋ ಉಪದೇಶ ತಂದೇ ತರ್ತಾರೆ, ಇನ್ನೂ ಬಂದಿಲ್ಲ, ಅದಕ್ಕೇ ಮುಂಚೆನೇ ಹೇಳ್ತೀನಿ. ಕೇಸಪುತ್ತದ ಕಾಲಾಮರು ಬುದ್ಧನ ಹತ್ರ, ಸ್ವಾಮಿ ಒಬ್ಬೊಬ್ಬ ಗುರು ಬಂದು ತನ್ನದೇ ಸರಿ ಉಳಿದೋರದ್ದು ತಪ್ಪು ಅಂತಾರೆ ನಾವು ಯಾರನ್ನ ನಂಬೋದು ಅಂತಾರೆ, ಅನುಮಾನ ಬಂದಿದ್ದು ಸರಿಯಾಗೇ ಇದೆ ಅಂತಾನೆ ಬುದ್ಧ. ಪರಂಪರೆ ಅಂತ ಒಪ್ಪಬೇಡಿ, ಗ್ರಂಥದಲ್ಲಿದೆ ಅಂತ ಒಪ್ಪಬೇಡಿ, ಈ ಶ್ರಮಣ ನಮ್ಮ ಗುರು ಅಂತ ಒಪ್ಪಬೇಡಿ. ಇಷ್ಟನ್ನ ಎಲ್ಲರೂ ಫಾರ್ವರ್ಡ್ ಮಾಡ್ತಾರೆ. ಅದೇ ಪಟ್ಟಿಲಿ ಮಾ ತಕ್ಕಹೇತು ಅಂತಾನೂ ಇದೆ, ತರ್ಕಕ್ಕೆ ಸರಿಹೋಯ್ತು ಅಂತಾನೂ ಒಪ್ಪಬೇಡಿ! ಇದನ್ನ ಯಾಕೆ ಬಿಡ್ತಾರೆ? ಅವನು ಕೇಳೋದು, ಇದನ್ನ ನಡೆಸಿದ್ರೆ ಲೋಭ ದ್ವೇಷ ಮೋಹ ಹೆಚ್ಚುತ್ತಾ ಕಮ್ಮಿ ಆಗುತ್ತಾ ನೀವೇ ನೋಡ್ಕೊಳ್ಳಿ ಅಂತ.

ತರ್ಕತಿಮ್ಮ ಅವ್ರಿಗೋಸ್ಕರ ಇನ್ನೊಂದು. ಬೌದ್ಧರ ದೀಘನಿಕಾಯ ಗ್ರಂಥದಲ್ಲಿ ಪಾಯಾಸಿ ಅಂತ ಒಬ್ಬ ದೊರೆ ಬರ್ತಾನೆ, ಕೋಸಲದ ಸೇತವ್ಯದೋನು, ಪರಲೋಕ ಇಲ್ಲ ಅಂತ ವಾದ. ಬರೀ ಬಾಯಿಮಾತಲ್ಲ, ಪ್ರಯೋಗ ಮಾಡಿದಾನೆ. ಮರಣದಂಡನೆ ಆದ ಕಳ್ಳನ್ನ ಜೀವಂತ ಹಂಡೆಗೆ ಹಾಕಿ ಬಾಯಿ ಮುಚ್ಚಿ ಹಸಿ ಚರ್ಮ ಬಿಗಿದು ಮಣ್ಣು ಮೆತ್ತಿ ಒಲೆ ಮೇಲೆ ಇಟ್ಟು, ಸತ್ತ ಮೇಲೆ ಮೆಲ್ಲಗೆ ಬಾಯಿ ಬಿಚ್ಚಿ ಜೀವ ಹೊರಗೆ ಹೋಗೋದು ಕಾಣುತ್ತಾ ಅಂತ ನೋಡಿದನಂತೆ. ಕಾಣ್ಲಿಲ್ಲ. ಇನ್ನೊಬ್ಬನ್ನ ಸಾಯೋ ಮುಂಚೆ ಒಂದ್ಸಲ ಸತ್ತ ಮೇಲೆ ಒಂದ್ಸಲ ತೂಕ ಹಾಕಿಸಿದ. ಓದ್ತಾ ಮೈ ಜುಂ ಅನ್ನುತ್ತೆ, ಪ್ರಶ್ನೆ ಕೇಳೋ ಕೆಲಸ ಅಂದ್ರೆ ಯಾವಾಗ್ಲೂ ಮುಗ್ಧ ಅಲ್ಲ. ಕುಮಾರ ಕಸ್ಸಪ ಅನ್ನೋ ಭಿಕ್ಷು ಒಂದೊಂದಕ್ಕೂ ಉಪಮೆ ಕೊಟ್ಟು ಉತ್ತರ ಹೇಳ್ತಾ ಹೋಗ್ತಾನೆ, ಕೊನೆಗೆ ಪಾಯಾಸಿ ಏನಂತಾನೆ ಗೊತ್ತಾ, ಈ ನಿಲುವು ನಾನು ಬಿಡೋಕಾಗಲ್ಲ, ಪಸೇನದಿ ರಾಜ, ಹೊರಗಿನ ರಾಜರು ಎಲ್ಲರಿಗೂ ನಾನು ಹೀಗೆ ಅಂತ ಗೊತ್ತು, ಈಗ ಬಿಟ್ರೆ ಮೂರ್ಖ ಅಂತಾರೆ, ಸಿಟ್ಟಿಗಾದ್ರೂ ಹಿಡ್ಕೋತೀನಿ ಅಂತ! ಅದಕ್ಕೆ ಕಸ್ಸಪ ಒಂದು ಕತೆ ಹೇಳ್ತಾನೆ. ಇಬ್ಬರು ಗೆಳೆಯರು ದಾರೀಲಿ ಸೆಣಬು ಸಿಕ್ಕಿತು ಅಂತ ಹೊರೆ ಕಟ್ಟಿ ಹೊತ್ಕೊಂಡ್ರು, ಮುಂದೆ ಬಟ್ಟೆ ಸಿಕ್ತು, ಆಮೇಲೆ ತಾಮ್ರ ಬೆಳ್ಳಿ ಕೊನೆಗೆ ಬಂಗಾರ. ಒಬ್ಬ ಪ್ರತಿ ಸಲ ಹಳೇದು ಬಿಸಾಕಿ ಒಳ್ಳೇದು ತಗೊಂಡ. ಇನ್ನೊಬ್ಬ, ಇಷ್ಟು ದೂರದಿಂದ ಹೊತ್ಕೊಂಡು ಬಂದಿದೀನಿ, ಗಂಟೂ ಚೆನ್ನಾಗಿ ಬಿಗಿದಿದೀನಿ ಅಂತ ಸೆಣಬನ್ನೇ ಮನೆಗೆ ತಂದ. ಬೌದ್ಧರು ಬರೆದ ಕತೆ, ಗೆಲ್ಲೋನು ಭಿಕ್ಷುನೇ, ಅದು ಗೊತ್ತಿರೋದೇ. ಆದ್ರೆ ಈ ಸೆಣಬು ಮಾತ್ರ ನಂಬೋರ ತಲೆ ಮೇಲೂ ಇರುತ್ತೆ ನಂಬದೋರ ತಲೆ ಮೇಲೂ ಇರುತ್ತೆ.

ತರ್ಕತಿಮ್ಮ
ಶತ್ರು ಬರೆದ ಕತೇಲಿ ನಾಸ್ತಿಕ ಯಾವಾಗ್ಲೂ ಕ್ರೂರಿ ಪ್ಲಸ್ ಹಠಮಾರಿ. ನಾನು ಮೇಲೆ ಹೇಳಿದ್ದೂ ಇದನ್ನೇ ಅಲ್ವಾ?

ಕಾಗೆಗೂಡು
ಹೌದು, ಅದು ಒಪ್ಪೋ ಮಾತೇ. ಆದ್ರೆ ಸೆಣಬಿನ ಬಗ್ಗೆ ಏನೂ ಹೇಳ್ಲಿಲ್ಲ 🙂

ದೀಪದಕುಡಿ
ಇಲ್ಲಿ ಎಲ್ಲರೂ ಪಂಡಿತರು, ನಾನು ಅಷ್ಟು ಓದಿಲ್ಲ. ಒಂದು ಕೇಳ್ತೀನಿ ಬೇಜಾರಾಗ್ಬೇಡಿ, ದುಃಖದಲ್ಲಿ ಇರೋರು ದೇವರನ್ನ ಪ್ರಶ್ನೆ ಮಾಡೋದಕ್ಕೂ ಸಭೇಲಿ ಕೂತು ವಾದ ಮಾಡೋದಕ್ಕೂ ವ್ಯತ್ಯಾಸ ಇಲ್ವಾ? ನಂಗೆ ಮೊದಲನೇದು ಗೊತ್ತು. ಎರಡನೇದು ಆಟದ ಹಾಗೆ ಕಾಣುತ್ತೆ.

ಮಳೆಬಿಲ್ಲು77
ಅಕ್ಕಾ ಇದು ಇಲ್ಲಿ ಬಂದ ಅತ್ಯುತ್ತಮ ಪ್ರಶ್ನೆ. ವನಪರ್ವದ ದ್ರೌಪದಿನ ನೆನಪಿಸ್ಕೊಳ್ಳಿ. ರಾಜ್ಯ ಹೋಗಿದೆ, ಸಭೇಲಿ ಅವಮಾನ ಆಗಿದೆ, ಕಾಡಲ್ಲಿ ಕೂತಿದಾರೆ. ಧರ್ಮವನ್ನ ಕಾಪಾಡಿದ್ರೆ ಅದು ನಮ್ಮನ್ನ ಕಾಪಾಡುತ್ತೆ ಅಂತ ಹಿರಿಯರು ಹೇಳಿದ್ದು ಕೇಳಿದೀನಿ, ನಿನ್ನನ್ನ ಕಾಪಾಡಿದ್ದು ಕಾಣ್ಲಿಲ್ಲವಲ್ಲ ಅಂತಾಳೆ ಗಂಡನಿಗೆ. ಮರದ ಬೊಂಬೆ ಕೈಕಾಲನ್ನ ಆಡಿಸೋನು ಆಡಿಸೋ ಹಾಗೆ ಧಾತಾ (ಸೃಷ್ಟಿಕರ್ತ) ನಮ್ಮನ್ನ ಆಡಿಸ್ತಾನೆ, ಮಗು ಆಟದ ಸಾಮಾನು ಜೋಡಿಸಿ ಕೆಡವೋ ಹಾಗೆ ಜೀವಿಗಳನ್ನ ಸೇರಿಸ್ತಾನೆ ಅಗಲಿಸ್ತಾನೆ, ತಂದೆ ತಾಯಿ ಹಾಗೆ ನಡ್ಕೊಳ್ಳಲ್ಲ, ದುರ್ಯೋಧನನಿಗೆ ಸಿರಿ ಕೊಟ್ಟು ಅವನಿಗೆ ಸಿಗೋ ಲಾಭ ಏನು ಅಂತ ಕೇಳ್ತಾಳೆ. ಇದಕ್ಕಿಂತ ನೇರವಾಗಿ ಯಾರು ಕೇಳಿದಾರೆ?

ಯುಧಿಷ್ಠಿರ ಮೊದ್ಲು ಏನಂತಾನೆ? ಮಾತು ಸೊಗಸಾಗಿದೆ ಕೇಳೋಕೆ ಚಂದ, ಆದ್ರೆ ನೀನು ನಾಸ್ತಿಕ್ಯ ಆಡ್ತಿದೀಯ ಅಂತಾನೆ. ಬಂತು ನೋಡಿ ಲೇಬಲ್ಲು! ಆದ್ರೆ ಅಲ್ಲಿಗೇ ಬಿಡಲ್ಲ ಅವನು, ತನ್ನ ಒಳಗಿರೋದನ್ನೂ ಹೇಳ್ತಾನೆ: ನಾನು ಫಲಕ್ಕೆ ಅಂತ ಧರ್ಮ ಮಾಡ್ತಿಲ್ಲ, ಕೊಡಬೇಕು ಅಂತ ಕೊಡ್ತೀನಿ, ಧರ್ಮದಲ್ಲಿ ವ್ಯಾಪಾರ ಮಾಡೋನು ತೀರಾ ಕೀಳು. ಅವಳು ಪ್ರಶ್ನೆ ಕೇಳದೇ ಇದ್ದಿದ್ರೆ ಈ ಮಾತು ಅವನ ಬಾಯಿಂದ ಬರ್ತಿತ್ತಾ? ಆಮೇಲೆ ಅವಳು ನಾನು ಧರ್ಮನ ಹೀಯಾಳಿಸ್ತಿಲ್ಲ, ನೊಂದವಳು ಬಡಬಡಿಸ್ತಿದೀನಿ ಅಂದ್ಕೋ ಅಂತ ಹಿಂದೆ ಸರಿದ ಹಾಗೆ ಮಾಡಿ ಮತ್ತೆ ಪುರುಷಪ್ರಯತ್ನದ ಬಗ್ಗೆ ಉದ್ದಕ್ಕೆ ವಾದ ಶುರು ಮಾಡ್ತಾಳೆ! ಇದನ್ನೆಲ್ಲ ಎಲ್ಲಿ ಕಲಿತೆ ಅಂದ್ರೆ, ಅಪ್ಪನ ಮನೇಲಿ ಒಬ್ಬ ಪಂಡಿತರು ಇದ್ರು, ಅವರು ಬೃಹಸ್ಪತಿಯ ನೀತಿನ ಅಣ್ಣತಮ್ಮಂದಿರಿಗೆ ಹೇಳ್ಕೊಡ್ವಾಗ ನಾನು ಅಪ್ಪನ ತೊಡೆ ಮೇಲೆ ಕೂತು ಕೇಳಿಸ್ಕೊಂಡಿದ್ದೆ ಅಂತಾಳೆ. ಹುಡುಗರಿಗೆ ಪಾಠ, ಹುಡುಗಿಗೆ ಕಿವಿಗೆ ಬಿದ್ದಷ್ಟು. ನಂಗೆ ಈ ಸಾಲು ಓದಿದಾಗೆಲ್ಲ ಹೊಟ್ಟೆ ಚುರುಕ್ ಅನ್ನುತ್ತೆ.

ದೀಪದಕುಡಿ
ಈ ಭಾಗ ನಂಗೆ ಯಾರೂ ಹೇಳಿರಲಿಲ್ಲ. ದ್ರೌಪದಿ ಅಂದ್ರೆ ಬರೀ ಅಕ್ಷಯ ವಸ್ತ್ರದ ಕತೆ ಅಷ್ಟೇ ಕೇಳಿದ್ದು. ಓದ್ತೀನಿ.

ಅರ್ಧಓದು
ಎಲ್ಲರಿಗೂ ಥ್ಯಾಂಕ್ಸ್, ಎರಡೆರಡು ಸಲ ಓದಿದೆ. ನನ್ನ ಮೂಲ ಪ್ರಶ್ನೆ ಹಾಗೇ ನಿಂತಿದೆ ಅನ್ಸುತ್ತೆ. ಪುಣ್ಯ ಮೊದ್ಲಾ ದೇವರ ಇಷ್ಟ ಮೊದ್ಲಾ? ನಮ್ಮಲ್ಲಿ ಯಾರೂ ಇದನ್ನ ಕೇಳೇ ಇಲ್ವಾ?

ಹಳೇಪಂಚೆ
ಕೇಳಿದಾರೆ, ಬೇರೆ ದಿಕ್ಕಿಂದ. ಪೂರ್ವಮೀಮಾಂಸೆಯವರ (ವೇದದ ಯಜ್ಞವಿಧಿಗಳನ್ನ ವಿಚಾರ ಮಾಡೋ ದರ್ಶನದವರು) ಪ್ರಕಾರ ಧರ್ಮ ಅಂದ್ರೆ ವೇದದ ವಿಧಿವಾಕ್ಯದಿಂದ ಗೊತ್ತಾಗೋ ಶ್ರೇಯಸ್ಸು, ಅವರ ಸೂತ್ರಕಾರ ಜೈಮಿನಿಯ ಎರಡನೇ ಸೂತ್ರವೇ ಇದು. ವೇದಕ್ಕೆ ಕರ್ತೃ ಇಲ್ಲ, ಮನುಷ್ಯನೂ ಅಲ್ಲ ದೇವರೂ ಅಲ್ಲ. ಹಾಗಾಗಿ ದೇವರಿಗೆ ಏನು ಇಷ್ಟ ಅನ್ನೋ ಪ್ರಶ್ನೆಯೇ ಅಲ್ಲಿ ಏಳಲ್ಲ. ಅವರಲ್ಲೇ ಒಬ್ಬ, 7ನೇ ಶತಮಾನದ ಕುಮಾರಿಲ ಭಟ್ಟ, ಬೌದ್ಧರ ವಿರುದ್ಧ ವೇದಕ್ಕೆ ಟೊಂಕ ಕಟ್ಟಿ ನಿಂತೋನು, ಶ್ಲೋಕವಾರ್ತಿಕದಲ್ಲಿ ಸೃಷ್ಟಿಕರ್ತನನ್ನ ಹೇಗೆ ವಿಚಾರಿಸ್ತಾನೆ ನೋಡಿ: ಜಗತ್ತು ಇಲ್ಲದಾಗ ಅವನು ಎಲ್ಲಿದ್ದ, ಶರೀರ ಇತ್ತಾ, ಇದ್ರೆ ಆ ಶರೀರ ಸೃಷ್ಟಿ ಮಾಡಿದ್ದು ಯಾರು? ಕರುಣೆಯಿಂದ ಮಾಡ್ದ ಅಂದ್ರೆ ಕರುಣೆ ತೋರಿಸೋಕೆ ಆಗ ಜೀವಿಗಳೇ ಇರಲಿಲ್ಲ, ಕರುಣೆ ಇದ್ರೆ ಬರೀ ಸುಖಾನೇ ಸೃಷ್ಟಿಸಬೇಕಿತ್ತು. ಪ್ರಯೋಜನ ಇಲ್ಲದೆ ಮಂದಬುದ್ಧಿಯವನೂ ಕೆಲಸಕ್ಕೆ ಕೈಹಾಕಲ್ಲ ಅಂತಾನೆ. ಇದನ್ನ ತರ್ಕತಿಮ್ಮನವರು ಬರೆದಿದ್ರೆ ಇಷ್ಟೊತ್ತಿಗೆ ಇಲ್ಲಿ ರಿಪೋರ್ಟ್ ಬಿದ್ದಿರೋದು! ಬರೆದಿದ್ದು ಯಜ್ಞದ ಕಟ್ಟಾ ಪಕ್ಷಪಾತಿ, ಮನುವಿನ ಲೆಕ್ಕದಲ್ಲಿ ಅವನು ಅಪ್ಪಟ ಆಸ್ತಿಕ.

ಅರ್ಧಓದು
ಹಾಗಾದ್ರೆ ಪ್ರಶ್ನೆ ದೇವರಿಂದ ಎದ್ದು ವೇದದ ಪಕ್ಕ ಹೋಗಿ ಕೂತಿತು ಅಷ್ಟೇ ಅಲ್ವಾ ಸರ್? ವೇದ ಹೇಳಿದ್ದಕ್ಕೆ ಅದು ಧರ್ಮನಾ, ಧರ್ಮ ಆಗಿರೋದ್ರಿಂದ ವೇದ ಹೇಳುತ್ತಾ?

ಹಳೇಪಂಚೆ
ಬಂದ್ರಿ ದಾರಿಗೆ. ಅವರ ಉತ್ತರ, ವೇದ ಧರ್ಮನ ಹುಟ್ಟಿಸಲ್ಲ, ತಿಳಿಸುತ್ತೆ, ಆದ್ರೆ ಬೇರೆ ಯಾವ ದಾರಿಯಿಂದಲೂ ಅದು ತಿಳಿಯಲ್ಲ. ನಿಮಗೆ ಸಮಾಧಾನ ಆಗುತ್ತೋ ಇಲ್ವೋ, ನಂಗೆ ಅರ್ಧ ಆಗಿದೆ.

ಮಳೆಬಿಲ್ಲು77
ತರ್ಕತಿಮ್ಮ ಎಲ್ಲಿ ಹೋದ್ರು? ಕುಮಾರಿಲನ ಬಗ್ಗೆ ಏನೂ ಹೇಳ್ಲಿಲ್ಲ. ಪ್ರಶ್ನೆ ಬಂದಾಗೆಲ್ಲ ನಂಬಿಕೆ ಮಾಡೋದು ಒಂದೇ ಕೆಲಸ ಅಂದಿದ್ರಲ್ಲ.

ತರ್ಕತಿಮ್ಮ
ಅರ್ಜೆಂಟ್ ಕೆಲಸ ಇದೆ ಮೇಡಂ, ರಾತ್ರಿ ಬರ್ತೀನಿ.

ಸುಮ್ನೆಓದೋನು
ಯೂಥಿಫ್ರೋ ಸಿಕ್ಬಿದ್ದ 😂😂😂

ತರ್ಕತಿಮ್ಮ
ಬಂದೆ. ನಗಾಡಿ ಪರವಾಗಿಲ್ಲ.

ಕುಮಾರಿಲನ ವಿಷಯ ನಂಗೆ ಗೊತ್ತಿರಲಿಲ್ಲ, ಒಪ್ಕೋತೀನಿ. ಒಂದೇ ಕೆಲಸ ಅನ್ನೋ ಮಾತು ವಾಪಸ್ ತಗೋತೀನಿ. ಆದ್ರೆ ವ್ಯತ್ಯಾಸ ನೋಡಿ, ಕುಮಾರಿಲ ದೇವರನ್ನೇ ಅಲ್ಲಾಡಿಸಬಹುದು ಯಾಕಂದ್ರೆ ಅವನು ವೇದದ ಒಳಗೆ ಕೂತಿದಾನೆ. ಚಾರ್ವಾಕ ಅದೇ ಮಾತು ಹೊರಗೆ ನಿಂತು ಹೇಳಿದ್ರೆ ಪುಸ್ತಕಾನೂ ಉಳಿಯಲ್ಲ. ಮಾತು ಒಂದೇ, ಆಡಿದ ಜಾಗ ಬೇರೆ. ನನ್ನ ಜಗಳ ಶ್ರದ್ಧೆ ಜೊತೆ ಅಲ್ಲ ಈ ಜಾಗದ ಜೊತೆ ಅಂತ ಇವತ್ತು ಅನ್ಸಿತು.

ಇನ್ನೊಂದು, ಕಾಗೆಗೂಡು ಸೆಣಬಿನ ವಿಷಯ ಚುಚ್ಚಿದ್ರಲ್ಲ ಅದಕ್ಕೆ. ಚಾರ್ವಾಕರ ಕಡೆಯೋನು ಅಂತ ಸಾಮಾನ್ಯವಾಗಿ ಹೇಳೋ ಜಯರಾಶಿ ಭಟ್ಟನ ತತ್ತ್ವೋಪಪ್ಲವಸಿಂಹ ಅಂತ ಒಂದು ಗ್ರಂಥ ಉಳಿದಿದೆ. ಗುಜರಾತಿನ ಪಾಟಣದಲ್ಲಿ 1926ರಲ್ಲಿ ತಾಳೆಗರಿ ಪ್ರತಿ ಸಿಕ್ಕಿ 1940ರಲ್ಲಿ ಬರೋಡದಿಂದ ಪ್ರಿಂಟ್ ಆಯ್ತು. ಉಳಿಸಿದ್ದು ಯಾರು ಗೊತ್ತಾ, ಜೈನರ ಭಂಡಾರ! ಅಂದ್ರೆ ಶತ್ರುಗಳೇ ಜೋಪಾನ ಮಾಡಿಟ್ಟಿದ್ದು, ಇದು ನನ್ನ ವಾದಕ್ಕೇ ಪೆಟ್ಟು, ಆದ್ರೂ ಹೇಳ್ತಿದೀನಿ. ಅದನ್ನ ಹಿಂದೆ ಓದೋಕೆ ಕೂತಿದ್ದೆ, ವೇದಾನ ಚಚ್ಚುತ್ತೆ ಅಂತ ಖುಷಿ. ಆಸಾಮಿ ಅನುಮಾನ ಪ್ರಮಾಣ (ಊಹಿಸಿ ತಿಳಿಯೋದು) ಒಡೆದ, ಶಬ್ದ ಪ್ರಮಾಣ (ಮಾತಿಂದ ತಿಳಿಯೋದು) ಒಡೆದ, ಅಷ್ಟೇ ಅಲ್ಲ ಪ್ರತ್ಯಕ್ಷಾನೂ ಒಡೆದ! ಚಾರ್ವಾಕರು ನಿಂತಿದ್ದ ಒಂದೇ ಒಂದು ಹಲಗೆ ಅದು. ಆಗ ನಾನು ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆಗೆದಿಲ್ಲ. ಯಾಕೆ ಮುಚ್ಚಿಟ್ಟೆ ಅಂತ ಇವತ್ತಿನ ತನಕ ಯೋಚನೆ ಮಾಡಿರಲಿಲ್ಲ.

ಕಾಗೆಗೂಡು
🙏 ಇದಕ್ಕೆ ಮೇಲೆ ನಂಗೆ ಹೇಳೋಕೆ ಏನಿಲ್ಲ.

ದೀಪದಕುಡಿ
ತಿಮ್ಮ ಅವ್ರೇ, ಗೋಡೆ ಬಗ್ಗೆ ನೀವು ಹೇಳಿದ್ದು ರಾತ್ರಿ ಎಲ್ಲ ತಲೇಲಿತ್ತು. ಒಂದು ಇಟ್ಟಿಗೆ ಮುಟ್ಟಿ ನೋಡೋಣ ಅಂತ ವನಪರ್ವ ತೆಗೆದಿದೀನಿ. ಗೋಡೆ ಇನ್ನೂ ಇದೆ 🙂

ಅರ್ಧಓದು
ನಾನು ಯೂಥಿಫ್ರೋ ಇನ್ನೊಂದ್ಸಲ ಓದಿದೆ. ಮೊದಲ ಸಲ ಪ್ರಶ್ನೆ ಹಿಂದೆ ಓಡಿಹೋಗಿ ಒಂದು ಗಮನಿಸಿರಲಿಲ್ಲ. ಗುಂಡಿಯಲ್ಲಿ ಸತ್ತ ಆ ಕೂಲಿಯವನಿಗೆ ಹೆಸರಿಲ್ಲ, ಅವನು ಕೊಂದ ಗುಲಾಮನಿಗೂ ಇಲ್ಲ. ಅಪ್ಪ ಅವನಿಗೆ ನೀರು ಅನ್ನ ಕೊಡದೆ ಬಿಟ್ಟಿದ್ದು ಕೊಲೆಗಾರ ತಾನೇ ಸತ್ರೆ ಸಾಯಲಿ ಅಂತ, ಧರ್ಮ ಏನು ಅಂತ ಕೇಳಿಕೊಂಡು ಬರೋಕೆ ಮಾತ್ರ ಅಷ್ಟು ದೂರ ಸಮುದ್ರ ದಾಟಿಸಿ ಆಳು ಕಳಿಸಿದ್ದ. ಆ ಆಳು ಅಥೆನ್ಸಿಂದ ಏನು ಉತ್ತರ ತಂದ ಅನ್ನೋದನ್ನ ಪ್ಲೇಟೋ ಹೇಳೋದೇ ಇಲ್ಲ.